ಎಡಗೈಯ ಹರಕೆ

೧೯೯೩ರಲ್ಲಿ, ಏಳನೇ ಕ್ಲಾಸಿನ ನಡುವೆ, ನಾನು ಓದು ಬಿಟ್ಟೆ. ಶಾಲೆಯವರು ಬಿಡಿಸಿದರು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಿಟ್ಟದ್ದು ನಾನೇ. ಮರ್ಫಿ ಟೌನಿನ ಮರಗೆಲಸದ ಅಂಗಡಿಯೊಂದನ್ನು ಸೇರಿದೆ. ಮುಂದೆ ಅಲ್ಲೇ ಪಕ್ಕದಲ್ಲಿ ನನ್ನದೇ ಅಂಗಡಿ ಹಾಕಿದೆ. ಇಂದಿರಾನಗರದ ಎಷ್ಟೋ ಬಂಗಲೆಗಳ ಬಾಗಿಲು ಇವತ್ತಿಗೂ ಕಿರುಗುಟ್ಟದೆ ಮುಚ್ಚುವುದು ನನ್ನಿಂದ. ಆ ಬಾಗಿಲುಗಳ ಹಿಂದೆ ಈಗ ಬಿಯರ್ ಮಾರುತ್ತಾರೆ, ಅದು ಬೇರೆ ಮಾತು.

ನಾಲ್ಕು ವರ್ಷದ ಹಿಂದೆ ಮೆಷಿನ್ ಗರಗಸ ನನ್ನ ಬಲಗೈಯ ಎರಡು ಬೆರಳು ತೆಗೆದುಕೊಂಡಿತು. ಉಳಿದ ಮೂರು ಮಡಚಲೊಲ್ಲವು. ಬೇರೆ ಕೆಲಸ ನೋಡಿಕೊಳ್ಳಿ ಎಂದರು ಡಾಕ್ಟರು, ಚಪ್ಪಲಿ ಬದಲಾಯಿಸಿ ಎನ್ನುವಷ್ಟು ಸಲೀಸಾಗಿ. ನಾನು ದೇವರ ಜೊತೆ ಮಾತು ಬಿಟ್ಟೆ. ಯೇಸುಸ್ವಾಮಿಯೂ ಮರಗೆಲಸದವರ ಮನೆಯಲ್ಲಿ ಬೆಳೆದವನು, ನಮ್ಮ ಕಸುಬಿನವನಿಗೇ ಹೀಗೆ ಮಾಡುವುದೇ ಎಂದು ಹೆಂಡತಿಯ ಮುಂದೆ ಗೊಣಗಿದೆ. ಅವಳು ಬೆಳ್ಳುಳ್ಳಿ ಸುಲಿಯುತ್ತಿದ್ದಳು, ತಲೆ ಎತ್ತಲಿಲ್ಲ.

"ಅವ್ನಿಗೆ ಎರಡೂ ಕೈಗೆ ಮೊಳೆ ಹೊಡೆದ್ರು ಕಣ್ರೀ. ನಿಮ್ದು ಒಂದೇ ಕೈ. ಅದಕ್ಕೆ ಇಷ್ಟು ಗಲಾಟೆ."

ಶಿವಾಜಿನಗರದ ಚರ್ಚಿನಲ್ಲಿ ಮರಿಯಾ ಮಾತೆಯ ಹಬ್ಬ ಹತ್ತಿರವಿತ್ತು. ಕೈ ನೊಂದವರು ಮೇಣದ ಕೈ, ಕಾಲು ನೊಂದವರು ಮೇಣದ ಕಾಲು ಒಪ್ಪಿಸಿ ಗುಣ ಬೇಡುವುದು ಅಲ್ಲಿಯ ರೂಢಿ. ಹೆಂಡತಿ ಮೇಣದ ಕೈಯೊಂದನ್ನು ತಂದಳು. ಬೆರಳೆಲ್ಲ ಬದನೆಕಾಯಿ. ಇಂಥ ಕೆಲಸವನ್ನು ನನ್ನ ಹೆಸರಿನಲ್ಲಿ ಮಾತೆಯ ಮುಂದೆ ಇಡಲಾರೆ ಎಂದೆ. ತೇಗದ ಹಲಗೆಯ ಮೇಲೆ ಕೈ ಊರಿದೆ, ಅವಳು ಸುತ್ತ ಪೆನ್ಸಿಲ್ ಎಳೆದಳು. ಹಲಗೆಯನ್ನು ವೈಸಿನ ದವಡೆಗೆ ಕಚ್ಚಿಸಿ ಬಿಗಿದು, ಎಡಗೈಯಲ್ಲಿ ಉಳಿ ಹಿಡಿದೆ.

ಆ ಕೈಗೆ ಅಲ್ಲಿಯವರೆಗೆ ಮೂಗು ಒರೆಸುವುದು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಮೊದಲ ಮೂರು ಕೆತ್ತನೆ ಒಲೆ ಸೇರಿದವು. ಒಂದೊಂದು ಗೀರಿಗೂ ಒಂದು ನಮೋ ಮರಿಯಾ ಜಪ ಹೇಳಿದೆ. ಮಾತು ಬಿಟ್ಟಿದ್ದು ದೇವರ ಜೊತೆ, ಅವನ ತಾಯಿಯ ಜೊತೆ ಅಲ್ಲವಲ್ಲ. ನಾಲ್ಕನೆಯದಕ್ಕೆ ಉಗುರು ಕೂಡ ಬಂದವು.

ಹಬ್ಬದ ದಿನ ಎದೆಯುಬ್ಬಿಸಿಕೊಂಡು ಹೋಗಿ ಒಪ್ಪಿಸಿದೆ. ಪಕ್ಕದಲ್ಲಿ ನಿಂತಿದ್ದ ಹೆಂಡತಿ ಹೆಬ್ಬೆರಳು ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ರೀ, ಇದು ಎಡಗೈ."

ಅಳತೆ ತೆಗೆದ ದಿನ ಬಲಗೈಗೆ ಬ್ಯಾಂಡೇಜು ಸುತ್ತಿತ್ತು. ಹಲಗೆಯ ಮೇಲೆ ನಾನು ಊರಿದ್ದು ಎಡಗೈಯನ್ನೇ. ಮೂವತ್ತು ವರ್ಷ ಅಳತೆ ಹಿಡಿದವನು! ಅಲ್ಲೇ ಇದ್ದ ಫಾದರ್ ಹತ್ತಿರ ಹೋಗಿ, ತಪ್ಪು ಮಾಲು ಕೊಟ್ಟಿದ್ದೇನೆ, ವಾಪಸ್ ಕೊಡಿ, ಸರಿಯಾದದ್ದನ್ನು ಮಾಡಿ ತರುತ್ತೇನೆ ಎಂದು ಬೇಡಿಕೊಂಡೆ. ಅವರು ಕೈಯನ್ನು ತಿರುಗಿಸಿ, ಉಗುರು ಸವರಿ ನೋಡಿದರು.

"ಇದನ್ನ ಕೆತ್ತಿದ್ದು ಯಾವ ಕೈಯಪ್ಪ?"

"ಎಡಗೈ, ಫಾದರ್."

"ಮತ್ತೆ? ಒಪ್ಪಿಸಿದ ಕೈ ಗುಣ ಆಗಿದೆಯಲ್ಲ."

ಮನೆಗೆ ಬರುವಾಗ ದೇವರ ಜೊತೆ ಮೊದಲು ಮಾತಾಡಿದವನು ನಾನೇ. ಅವನು ಕಾಯುತ್ತಿದ್ದ ಅನ್ನಿಸಿತು. ಸೋಮವಾರ ಅಂಗಡಿ ತೆಗೆದೆ. ಬಲಗೈ ಇನ್ನೂ ಮಡಚುವುದಿಲ್ಲ, ಹಲಗೆ ಒತ್ತಿ ಹಿಡಿಯುತ್ತದೆ. ಈಗ ನನಗಿರುವುದು ಒಬ್ಬಳು ಹೆಂಡತಿ, ಒಂದು ಅಂಗಡಿ, ಹದಿನಾಲ್ಕು ಉಳಿ, ಎಂಟು ಬೆರಳು.