ಮೂರನೇ ಕ್ಲಾಸಿನ ದಾರಿ ನಕ್ಷೆ

ಇದನ್ನು ಹೇಳದೆಯೇ ಇದ್ದುಬಿಡುತ್ತಿದ್ದೆನೇನೋ. ಆದರೆ ಇವತ್ತು ಮಗಳು ಮನೆಯಿಂದ ಶಾಲೆಗೆ ಹೋಗುವ ದಾರಿಯ ನಕ್ಷೆ ಬರೆಯುತ್ತಿದ್ದಳು.

ಮೂರನೇ ಕ್ಲಾಸಿನಲ್ಲಿ ಭೂಗೋಳದ ಮಿಸ್ ನಮಗೂ ಅದನ್ನೇ ಬರೆಸಿದ್ದರು. ಕುಂಬಾರಕೊಪ್ಪಲಿನ ನಮ್ಮ ಹೆಂಚಿನ ಮನೆ ತೋರಿಸಲು ನಾಚಿ, ನಾನು ಅನುಕೂಲಸ್ಥರ ಬಡಾವಣೆಯಾದ ವಿಜಯನಗರದಲ್ಲೊಂದು ಮಹಡಿ ಮನೆ ಬರೆದೆ. ಪಕ್ಕದ ಮನೆಯ ಲತಾ ತನ್ನ ನಕ್ಷೆಯಲ್ಲಿ ನಮ್ಮಿಬ್ಬರ ಮನೆಗೂ ಹೆಸರು ಹಾಕಿದ್ದಳು.

"ನೀವಿಬ್ರೂ ಅಕ್ಕಪಕ್ಕದ ಮನೆಯವರೇನ್ರೇ?" ಎಂದರು ಮಿಸ್.

ಲತಾ ನನ್ನ ಹಾಳೆ ನೋಡಿದಳು. "ಇಲ್ಲ ಮಿಸ್, ತಪ್ಪಾಗ್ಬುಡ್ತು" ಎಂದು ನಮ್ಮ ಮನೆಯನ್ನು ರಬ್ಬರಿನಿಂದ ಉಜ್ಜಿದಳು. ಹಾಳೆ ಹರಿದದ್ದಕ್ಕೆ ಅವಳಿಗೆ ಎರಡು ಅಂಕ ಹೋಯಿತು. ನನಗೆ ಹತ್ತಕ್ಕೆ ಹತ್ತು.

ಸಂಜೆ ದಾರಿಯಲ್ಲಿ ಅವಳು ಕೇಳಿದ್ದು ಇಷ್ಟೇ: "ನಿಮ್ಮನೆ ವಿಜಯನಗರಕ್ಕೆ ಹೋಗ್ಬುಟ್ರೆ ನಾನ್ ಯಾರ್ ಜೊತೆ ನಡ್ಕೊಂಡ್ ಬರ್ಲೇ?"

ಆ ಪ್ರಶ್ನೆಗೆ ನನ್ನ ಉತ್ತರ ಈ ಬರಹ. ಇದನ್ನು ಮೊದಲು ಲತಾಗೆ ಓದಿಸಿ, ಆಮೇಲೆ ಎಲ್ಲರೂ ಓದಲೆಂದು ಇಲ್ಲಿ ಹಾಕುತ್ತಿದ್ದೇನೆ.