ಅವ್ವನ ಮೊಣಕಾಲಿಗೂ ಒಂದು ಫೋಟೋ

ಅದು ೧೯೬೪ನೇ ಇಸವಿ. ಧಾರವಾಡದಲ್ಲಿ ಬಿ.ಎ. ಮುಗಿಸಿ, ಹಳಿಯಾಳದ ಹೈಸ್ಕೂಲೊಂದರಲ್ಲಿ ಶಿಕ್ಷಕಿಯಾಗಿ ಸೇರಿ ನನಗೆ ಒಂದು ವರ್ಷವಾಗಿತ್ತು. ನಮ್ಮದು ಮುಂಡಗೋಡ ತಾಲೂಕಿನ ಇಂದೂರ. ನಮ್ಮ ಮನೆತನದಲ್ಲಿ ಅಲ್ಲಿಯವರೆಗೆ ಗಂಡಸರೂ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ದಾಟಿರಲಿಲ್ಲ. ಹೆಣ್ಣುಮಗಳು ಕಾಲೇಜಿಗೆ ಹೋಗುವುದೆಂದರೆ ಊರಿಗೆಲ್ಲ ಚೇಷ್ಟೆಯ ಮಾತಾಗಿತ್ತು. ಅಂಥದರಲ್ಲಿ ಕಲಿತೆ. ಅದನ್ನು ಹೇಳಿಕೊಳ್ಳಲು ನನಗೆ ಇಂದಿಗೂ ಸಂಕೋಚವಿಲ್ಲ.

ಕಾಲೇಜಿಗೆ ಹೋಗಲು ಸಾಧ್ಯವಾದದ್ದು ದೊಡ್ಡವ್ವನಿಂದ. ನಮ್ಮದು ಕೂಡು ಮನೆ. ದೊಡ್ಡಪ್ಪನೇ ಯಜಮಾನ. ಅವನ ಹೆಂಡತಿ ಗಂಗವ್ವ ನನ್ನ ದೊಡ್ಡವ್ವ, ಅವನ ತಮ್ಮನ ಹೆಂಡತಿ ನೀಲವ್ವ ನನ್ನ ಹೆತ್ತ ತಾಯಿ. ದೊಡ್ಡವ್ವನಿಗೆ ಮಕ್ಕಳಿರಲಿಲ್ಲ. ಅವ್ವನಿಗೆ ನಾನೊಬ್ಬಳೇ. ಹೀಗಾಗಿ ಇಡೀ ಮನೆಗೆ ನಾನು ಒಂದೇ ಮಗು, ತಾಯಂದಿರು ಮಾತ್ರ ಇಬ್ಬರು.

ದೊಡ್ಡವ್ವನದು ದೊಡ್ಡ ಗಂಟಲು, ಹಟದ ಸ್ವಭಾವ. ದೊಡ್ಡಪ್ಪ ನನ್ನ ಶಾಲೆ ಬಿಡಿಸುತ್ತೇನೆಂದಾಗ ಅವಳು ಅನ್ನ ನೀರು ಬಿಟ್ಟು ಕುಳಿತು ಗೆದ್ದಿದ್ದಳು. ಅವ್ವ ಮೆತ್ತಗಿನವಳು. ಅವಳಿಗೂ ನಾನು ಕಲಿಯಲಿ ಎಂದಿತ್ತು. ಆದರೆ ಭಾವನ ಎದುರು ನಿಂತು ಮಾತಾಡುವ ರೂಢಿ ಇರಲಿಲ್ಲ. ಹೀಗೆ ಹೆತ್ತದ್ದು ಅವ್ವನಾದರೂ ಹೆಸರೆಲ್ಲ ದೊಡ್ಡವ್ವನಿಗೆ ಬಂತು. ಧಾರವಾಡದಲ್ಲಿ ನಾನು ಕಪ್ಪು ಗೌನು ತೊಟ್ಟು ಪದವಿ ತೆಗೆದುಕೊಂಡ ದಿನ ಬಂದದ್ದೂ ದೊಡ್ಡವ್ವನೇ. ಎಮ್ಮೆ ಈಯುವ ಹೊತ್ತು ಎಂದು ಅವ್ವನನ್ನು ಮನೆಯಲ್ಲೇ ಬಿಟ್ಟಿದ್ದರು. ಆ ಎಮ್ಮೆಯನ್ನು ಅವ್ವ ಅದರ ಜೀವ ಇರುವವರೆಗೆ ಬೈದಳು.

ಇಬ್ಬರ ಹೊಟ್ಟೆಕಿಚ್ಚು ಊರಿಗೆಲ್ಲ ಗೊತ್ತಿತ್ತು. ನಾನು ಊಟಕ್ಕೆ ಕುಳಿತರೆ ಒಬ್ಬಳು ರೊಟ್ಟಿಯ ಮೇಲೆ ಬೆಣ್ಣೆ ಇಟ್ಟಳೆಂದರೆ ಇನ್ನೊಬ್ಬಳು ಅದರ ಮೇಲೆ ಇನ್ನಷ್ಟು ಇಡುತ್ತಿದ್ದಳು. ಆ ಬೆಣ್ಣೆಯೆಲ್ಲ ತಿಂದು ದೊಡ್ಡವಳಾದವಳು ನಾನು. ಅವರ ಜಗಳದ ನಡುವೆ ನನಗೆ ಬಹಳ ಸುಖವಿತ್ತು.

ಆ ವರ್ಷ ಬೇಸಿಗೆಗೆ ಊರಿಗೆ ಬಂದಾಗ ದೊಡ್ಡವ್ವ ಮೊಣಕಾಲು ಹಿಡಿದುಕೊಂಡು ನರಳುತ್ತಿದ್ದಳು. ಎಣ್ಣೆ ತಿಕ್ಕಿದ್ದಾಯಿತು, ಎಕ್ಕೆಯ ಎಲೆ ಕಟ್ಟಿದ್ದಾಯಿತು. ಅವಳ ನರಳಾಟ ಮೂರು ಮನೆಗೆ ಕೇಳುತ್ತಿತ್ತು. ಪಗಾರದವಳು ನಾನು, ಸುಮ್ಮನಿರಲು ಆಗಲಿಲ್ಲ. ಹುಬ್ಬಳ್ಳಿಯ ಎಲುಬಿನ ಡಾಕ್ಟರೊಬ್ಬರ ಬಳಿ ಕರೆದುಕೊಂಡು ಹೋದೆ. ಅವರು ಎಕ್ಸ್‌ರೇ ತೆಗೆಸಿ, ಕೀಲು ಸವೆಯತೊಡಗಿದೆ, ವಯಸ್ಸಿಗೆ ಬರುವ ಬೇನೆ, ಇನ್ನು ನೆಲಕ್ಕೆ ಕೂಡಬಾರದು, ಬೀಸುವುದು, ಕುಕ್ಕರಗಾಲಲ್ಲಿ ಕೂತು ಕಳೆ ತೆಗೆಯುವುದು ಎಲ್ಲ ಬಂದ್ ಎಂದರು. ನೋವಿಗೆ ಗುಳಿಗೆ ಬರೆದುಕೊಟ್ಟರು.

ಗುಳಿಗೆಗಿಂತ ದೊಡ್ಡವ್ವನಿಗೆ ಗುಣ ಕೊಟ್ಟದ್ದು ಆ ಎಕ್ಸ್‌ರೇ. ಓಣಿಯ ಹೆಂಗಸರನ್ನೆಲ್ಲ ಕರೆದು, ಆ ಕಪ್ಪು ಹಾಳೆಯನ್ನು ಬಿಸಿಲಿಗೆ ಹಿಡಿದು, ತನ್ನ ಎಲುಬು ತಾನೇ ತೋರಿಸಿದಳು. ಬಡಿಗನಿಂದ ಒಂದು ಸ್ಟೂಲು ಮಾಡಿಸಿಕೊಂಡು ಪಡಸಾಲೆಯಲ್ಲಿ ಅದರ ಮೇಲೆ ಕುಳಿತಳು. ನಾವೆಲ್ಲ ನೆಲದ ಮೇಲೆ, ಅವಳೊಬ್ಬಳು ಮೇಲೆ. ಅವ್ವ ಒಳಗೆ ಖಾರ ಕುಟ್ಟುತ್ತಿದ್ದಳು. ಒನಕೆಯ ಸಪ್ಪಳದಲ್ಲೇ ಅವಳ ಸಿಟ್ಟು ತಿಳಿಯುತ್ತಿತ್ತು. ನಾನು ಒಳಗೆ ಹೋದಾಗ ನನ್ನ ಮುಖ ನೋಡದೆ, "ಪಟ್ಟಕ್ಕ ಕೂಡಿಸಿ ಬಂದ್ಯಾ ನಿಮ್ಮ ದೊಡ್ಡವ್ವನ್ನ?" ಎಂದಳು.

ಅಲ್ಲಿಯವರೆಗೆ ಬೀಸುವ ಕಲ್ಲಿಗೆ ಇಬ್ಬರೂ ಎದುರುಬದುರು ಕೂಡುತ್ತಿದ್ದರು. ಮುಂಡಗೋಡದಲ್ಲಿ ಗಿರಣಿ ಇತ್ತು. ಆದರೆ ಗಿರಣಿ ಹಿಟ್ಟಿನ ರೊಟ್ಟಿ ದೊಡ್ಡಪ್ಪನ ಬಾಯಿಗೆ ಸೇರುತ್ತಿರಲಿಲ್ಲ. ದೊಡ್ಡವ್ವ ಎದ್ದ ಮೇಲೆ ಕಲ್ಲು ಪೂರಾ ಅವ್ವನ ಪಾಲಿಗೆ ಬಂತು.

ಪಂಚಮಿ ಹಬ್ಬದ ಸೂಟಿಗೆ ಮತ್ತೆ ಊರಿಗೆ ಬಂದೆ. ನೋಡಿದರೆ ಅವ್ವ ಕುಂಟುತ್ತಿದ್ದಾಳೆ. ಅದೂ ಎಡಗಾಲು, ದೊಡ್ಡವ್ವನದು ಯಾವ ಕಾಲೋ ಅದೇ ಕಾಲು. ಮನೆಯಲ್ಲಿ ಇದೊಂದು ನಗೆಯಾಗಿಬಿಟ್ಟಿತ್ತು. ದೊಡ್ಡಪ್ಪ ಎಲೆ ಅಡಿಕೆ ಹಾಕಿಕೊಳ್ಳುತ್ತ, ನಿಮ್ಮವ್ವನ ಕಾಲಿಗೆ ಹುಬ್ಬಳ್ಳಿ ಹವಾ ಬೇಕಾಗಿದೆ ಎಂದ. ಅಪ್ಪನೂ ಮೀಸೆಯಲ್ಲೇ ನಕ್ಕ. ದೊಡ್ಡವ್ವನಂತೂ ಸ್ಟೂಲಿನ ಮೇಲಿಂದ, ಎಲ್ಲರಿಗೂ ಕೇಳುವಂತೆ, "ನಾ ಇಳಕಲ್ ಸೀರಿ ಉಟ್ರ ಆಕಿಗೂ ಬೇಕು. ನನಗ ಬ್ಯಾನಿ ಬಂದ್ರ ಅದೂ ಬೇಕು. ಏನ್ ಮಾಡೂದವಾ ಶಾಂತಾ?" ಎಂದಳು.

ಅವ್ವ ಹುಲ್ಲು ಎತ್ತಿಕೊಂಡು ಹಿತ್ತಲಿಗೆ ನಡೆದಳು. ನಾನು ಹಿಂದೆಯೇ ಹೋಗಿ, ನಿಜವಾಗಿ ನೋವಿದ್ದರೆ ಹುಬ್ಬಳ್ಳಿಗೆ ಹೋಗೋಣ ಎಂದು ಕರೆದೆ. ಎಮ್ಮೆಗೆ ಹುಲ್ಲು ಹಾಕುತ್ತ, "ಬ್ಯಾಡವಾ," ಎಂದಳು. "ನಂದೇನ್ ಫೋಟೋ ತಗಸೂವಂಥಾ ಮೊಣಕಾಲಲ್ಲ."

ನೋವೋ ಹೊಟ್ಟೆಕಿಚ್ಚೋ ನನಗೂ ಬಗೆಹರಿಯಲಿಲ್ಲ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ನನಗೆ ಎಚ್ಚರವಾಯಿತು. ನೀರು ಕುಡಿಯಲು ಎದ್ದು ಒಳಕೋಣೆ ದಾಟಿ ಹೋಗುವಾಗ, ಭತ್ತದ ಕಣಜಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಅವ್ವ ನಿಂತಿರುವುದು ಕಂಡಿತು. ಮಿಂದು ಒದ್ದೆ ಕೂದಲು ಗಂಟು ಹಾಕಿಕೊಂಡಿದ್ದಳು. ಹಣೆಗೆ ವಿಭೂತಿ ಇತ್ತು. ಎಡ ಅಂಗೈಯಲ್ಲಿ ಲಿಂಗ ಹಿಡಿದು, ಕಣ್ಣು ಮುಚ್ಚಿ ಪೂಜೆ ಮಾಡಿಕೊಳ್ಳುತ್ತಿದ್ದಳು. ನಿಂತುಕೊಂಡು.

ನಮ್ಮಲ್ಲಿ ಲಿಂಗಪೂಜೆಯನ್ನು ಯಾರೂ ನಿಂತು ಮಾಡುವುದಿಲ್ಲ. ಮಣೆ ಹಾಕಿಕೊಂಡು, ಚಕ್ಕಳಮಕ್ಕಳ ಕುಳಿತು, ನೆಟ್ಟಗೆ ಬೆನ್ನು ಮಾಡಿ ಕೂಡಬೇಕು. ಅವ್ವ ಜ್ವರ ಬಂದಾಗಲೂ ಹಾಗೆಯೇ ಕೂಡುತ್ತಿದ್ದವಳು. ಈಗ ಅವಳ ಬೆನ್ನು ಗೋಡೆಗೆ ಆತುಕೊಂಡಿತ್ತು, ಎಡಗಾಲಿನ ಹಿಮ್ಮಡಿ ನೆಲಕ್ಕೆ ಹತ್ತಿರಲಿಲ್ಲ. ಪೂಜೆ ಮುಗಿದ ಮೇಲೆ ಕಣಜ ಹಿಡಿದು ಒಂದು ಹೆಜ್ಜೆ, ಗೋಡೆ ಹಿಡಿದು ಒಂದು ಹೆಜ್ಜೆ ಇಟ್ಟಳು. ಹಗಲು ಎಲ್ಲರ ಮುಂದೆ ಕುಂಟುತ್ತಿದ್ದುದು ಇದರ ಅರ್ಧವೂ ಅಲ್ಲ.

ನೋಡುವವರೇ ಇಲ್ಲದ ಕಡೆ ಯಾರೂ ಸೋಗು ಹಾಕುವುದಿಲ್ಲ. ನಾನು ಸಪ್ಪಳ ಮಾಡದೆ ಹಿಂದಕ್ಕೆ ಸರಿದೆ. ಚಹಾದ ಹೊತ್ತಿಗೆ ದೊಡ್ಡಪ್ಪನಿಗೆ, ಅವ್ವನನ್ನು ನಾಳೆ ಹುಬ್ಬಳ್ಳಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿದೆ. ಕೇಳಲಿಲ್ಲ, ಹೇಳಿದೆ. ಬಿ.ಎ. ಆದ ಮೇಲೆ ಮನೆಯಲ್ಲಿ ನಾನು ಗಟ್ಟಿಯಾಗಿ ಆಡಿದ ಮೊದಲ ಮಾತು ಅದು. ದೊಡ್ಡಪ್ಪ ಮತ್ತೆ ಹವಾದ ಮಾತು ತೆಗೆಯಲಿಲ್ಲ.

ದೊಡ್ಡವ್ವನ ಮುಖ ಮಾತ್ರ ಸಣ್ಣದಾಯಿತು. "ಹೋಗೂದಾದ್ರ ಹೋಗ್ರಿ. ಖರೆ, ಬ್ಯಾರೆ ಡಾಕ್ಟರ ಕಡೆ ಹೋಗ್ರಿ. ಅವರು ನನ್ನ ಡಾಕ್ಟರು," ಎಂದಳು.

ಅವ್ವ ಒಲೆಯ ಮುಂದಿಂದಲೇ ಅಂದಳು: "ಹೋದ್ರ ಅವರ ಕಡೆನ. ಇಲ್ಲಂದ್ರ ನಾ ಬರೂದಿಲ್ಲ."

ಬಸ್ಸಿನ ಮೆಟ್ಟಿಲು ಹತ್ತಲು ಅವಳು ಎರಡೂ ಕೈಯಿಂದ ನನ್ನ ಭುಜ ಹಿಡಿದಳು. ಕುಳಿತ ಮೇಲೂ ನನ್ನ ಕೈ ಬಿಡಲಿಲ್ಲ. ನಾವಿಬ್ಬರೇ ಎಲ್ಲಿಗಾದರೂ ಹೊರಟದ್ದು ಅದೇ ಮೊದಲು. ಆದರೆ ಅವಳು ನನ್ನೊಡನೆ ಮಾತಾಡುತ್ತಿರಲಿಲ್ಲ. ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದಳು. ದೇವರ ನಾಮವೆಂದುಕೊಂಡೆ.

ಡಾಕ್ಟರ ಖೋಲಿಯಲ್ಲಿ ತಿಳಿಯಿತು ಅದೇನೆಂದು. ಎಲ್ಲಿ ನೋವು, ಯಾವಾಗ ಹೆಚ್ಚು ಎಂದು ಅವರು ಕೇಳಿದ್ದೇ ತಡ, ಅವ್ವ ಪಾಠ ಒಪ್ಪಿಸುವ ಹುಡುಗಿಯಂತೆ ಹೇಳತೊಡಗಿದಳು. ಎಡ ಮೊಣಕಾಲಿನ ಒಳಮಗ್ಗುಲು, ಸಂಜೆ ಮುಂದ ಹೆಚ್ಚು, ಚಿಪ್ಪಿನ ಕೆಳಗ ಸೂಜಿ ಚುಚ್ಚಿಧಂಗ, ಮಳಿ ಬಂದ್ರ ಜೋರು. ಒಂದೊಂದು ಶಬ್ದವೂ ದೊಡ್ಡವ್ವನದು. ಬೇಸಿಗೆಯಿಂದ ಓಣಿಯ ಹೆಂಗಸರಿಗೆಲ್ಲ ದೊಡ್ಡವ್ವ ಹೇಳಿದ್ದನ್ನು ಅವ್ವ ಒಳಗಿನಿಂದ ಕೇಳಿ ಬಾಯಿಪಾಠ ಮಾಡಿಕೊಂಡಿದ್ದಳು. ಯಾವ ನೋವಿಗೆ ಫೋಟೋ ಸಿಕ್ಕಿತೋ ಆ ನೋವನ್ನೇ ಹೇಳಬೇಕೆಂದು ತಿಳಿದಿದ್ದಳು.

ಡಾಕ್ಟರು ಅವಳ ಕಾಲು ಮಡಚಿ, ಚಾಚಿ, ಒತ್ತಿ ನೋಡಿದರು. ನೋವಿಲ್ಲದ ಕಡೆ ಒತ್ತಿದಾಗ ಅವಳು ಹಾ ಎಂದಳು, ನಿಜವಾದ ನೋವಿನ ಕಡೆ ಹಲ್ಲು ಕಚ್ಚಿ ಸುಮ್ಮನಿದ್ದಳು. ಅವರು ನನ್ನ ಕಡೆ ನೋಡಿ, ಇವರು ಹೇಳುವುದಕ್ಕೂ ಕಾಲಿಗೂ ತಾಳೆಯಾಗುತ್ತಿಲ್ಲವಲ್ಲ ಎಂದರು. ಇನ್ನೊಂದು ಗಳಿಗೆ ಹೋಗಿದ್ದರೆ ಎಣ್ಣೆ ಬರೆದುಕೊಟ್ಟು ಕಳಿಸುತ್ತಿದ್ದರೇನೋ.

ನಾನು ಅವಳ ಹತ್ತಿರ ಹೋಗಿ ಕುಳಿತೆ. "ಅವ್ವಾ, ಅದು ದೊಡ್ಡವ್ವನ ನೋವು. ನಿಂದು ಹೇಳು," ಎಂದೆ.

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಡಾಕ್ಟರೂ ಅವಸರ ಮಾಡಲಿಲ್ಲ. ಕಡೆಗೆ ಮೆಲ್ಲಗೆ, "ನಂದ ನನಗ ಹೇಳಾಕ ಬರೂದಿಲ್ಲ. ಯಾರೂ ಕೇಳಿಲ್ಲಲ್ಲವಾ," ಎಂದಳು.

ಕಣಜದ ಸಂದಿಯಲ್ಲಿ ನಿಂತು ಪೂಜೆ ಮಾಡುವುದನ್ನು ಕಂಡಿದ್ದೇನೆ ಎಂದು ನಾನೇ ಹೇಳಿದೆ. ಅವಳು ಬೆಚ್ಚಿ ನನ್ನ ಮುಖ ನೋಡಿದಳು. ಆಮೇಲೆ ಒಂದೊಂದೇ ಹೊರಗೆ ಬಂತು. ಎದ್ದ ಕೂಡಲೇ ಕಾಲು ಕಟ್ಟಿಗೆಯಾಗಿರುವುದು. ನೆಲಕ್ಕೆ ಕೂತರೆ ಬಾಗಿಲ ಚೌಕಟ್ಟು ಹಿಡಿಯದೆ ಏಳಲು ಆಗದಿರುವುದು. ಕಳೆ ತೆಗೆಯುವಾಗ ಹೆಣ್ಣಾಳುಗಳು ಮುಂದೆ ಹೋದ ಮೇಲೆ ಮೊಣಕೈ ಊರಿ ತೆವಳುವುದು. ಎಡಗಾಲಷ್ಟೇ ಅಲ್ಲ, ಬಲಗಾಲೂ. ಸೀರೆ ಮೊಣಕಾಲಿನ ಮೇಲಕ್ಕೆ ಸರಿಸಿದಾಗ ಎರಡೂ ಕಡೆ ಸುಟ್ಟ ಕಲೆಗಳಿದ್ದವು. ಯಾರೋ ಬರೆ ಹಾಕಿದರೆ ಹೋಗುತ್ತದೆಂದು ಹೇಳಿದ್ದಕ್ಕೆ ತವರಿಗೆ ಹೋದಾಗ ಹಾಕಿಸಿಕೊಂಡು ಬಂದಿದ್ದಳಂತೆ. ಅದು ದೊಡ್ಡವ್ವ ನರಳಲು ಶುರು ಮಾಡುವುದಕ್ಕಿಂತ ಎರಡು ವರ್ಷ ಮೊದಲಿನ ಮಾತು.

ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದ್ದಕ್ಕೆ, "ಸಣ್ಣ ಸೊಸಿ ಕಾಲು ಹಿಡಕೊಂಡು ಕುಂತ್ರ ಬೀಸವರ್‍ಯಾರು?" ಎಂದಳು. ಅದನ್ನು ಅಳುತ್ತ ಹೇಳಲಿಲ್ಲ. ಲೆಕ್ಕದ ಮಾತಿನಂತೆ ಹೇಳಿದಳು.

ಎಕ್ಸ್‌ರೇ ಬಂತು. ಡಾಕ್ಟರು ದೀಪದ ಮುಂದೆ ಹಿಡಿದು, ಎರಡು ಎಲುಬಿನ ನಡುವೆ ಇರಬೇಕಾದ ಸಂದು ಹೇಗೆ ಮುಚ್ಚುತ್ತ ಬಂದಿದೆ ಎಂದು ತೋರಿಸಿದರು. ಅವ್ವ ಮುಂದಕ್ಕೆ ಬಾಗಿ ನೋಡಿ ಕೇಳಿದ ಪ್ರಶ್ನೆ ಒಂದೇ. "ನಮ್ಮ ಅಕ್ಕಾರದಕಿಂತ ಹೆಚ್ಚೈತೋ ಕಡಿಮಿ ಐತೋ ರೀ?"

ಡಾಕ್ಟರಿಗೆ ನಗು ತಡೆಯಲಿಲ್ಲ. "ತಾಯೀ, ಅವರಕಿಂತ ನಿಮ್ಮದ ಹೆಚ್ಚು ಸವದೈತಿ. ಸವದದ್ದು ತಿರುಗಿ ಬರೂದಿಲ್ಲ. ನೋವು ಕಡಿಮಿ ಮಾಡೂಣು," ಎಂದರು.

ಆಗ ಅವ್ವನ ಮುಖ ನೋಡಬೇಕಿತ್ತು. ನಾನು ಪಾಸಾದ ಸುದ್ದಿ ತಂದ ದಿನವೂ ಅವಳ ಮುಖ ಅಷ್ಟು ಅರಳಿರಲಿಲ್ಲ. ಗುಳಿಗೆಯನ್ನು ಊಟವಾದ ಮೇಲೇ ತೆಗೆದುಕೊಳ್ಳಬೇಕು, ಹೊಟ್ಟೆಯಲ್ಲಿ ಉರಿ ಎದ್ದರೆ ನಿಲ್ಲಿಸಿ ಬಂದು ಹೇಳಬೇಕು, ಬಿಸಿ ಉಪ್ಪಿನ ಗಂಟಿನ ಕಾವು ಕೊಡಬೇಕು, ದಿನವೂ ಕಾಲು ನೆಟ್ಟಗೆ ಎತ್ತಿ ಹಿಡಿದು ತೊಡೆಗೆ ಬಲ ಬರಿಸಬೇಕು ಎಂದು ಡಾಕ್ಟರು ಹೇಳುತ್ತಿದ್ದರು. ಅವಳು ಎಲ್ಲಕ್ಕೂ ಹೂಂ ಎನ್ನುತ್ತಿದ್ದಳು. ಕಣ್ಣು ಮಾತ್ರ ಆ ಕಪ್ಪು ಹಾಳೆಯ ಮೇಲಿತ್ತು. ಪೂಜೆಯನ್ನು ಕುರ್ಚಿಯ ಮೇಲೆ ಕುಳಿತು ಮಾಡಬಹುದೇ ಎಂದು ನಾನೇ ಕೇಳಬೇಕಾಯಿತು. ಮಾಡಲೇಬೇಕು ಎಂದರು.

ಮನೆಗೆ ಬಂದಾಗ ದೊಡ್ಡವ್ವ ಬಾಗಿಲಲ್ಲೇ ಇದ್ದಳು. ಅವ್ವ ಕಾಲು ಕೂಡ ತೊಳೆಯಲಿಲ್ಲ. "ಅಕ್ಕಾರ, ನಂದು ನಿಮ್ಮದಕಿಂತ ಹೆಚ್ಚೈತಂತ. ಎರಡೂ ಕಾಲು," ಎಂದು ಎಕ್ಸ್‌ರೇ ಮುಂದೆ ಚಾಚಿದಳು.

ದೊಡ್ಡವ್ವ ಒಳಗೆ ಹೋಗಿ ತನ್ನದನ್ನೂ ತಂದಳು. ಎರಡನ್ನೂ ಸಂಜೆಯ ಬಿಸಿಲಿಗೆ ಹಿಡಿದು ಅದನ್ನೊಮ್ಮೆ ಇದನ್ನೊಮ್ಮೆ ನೋಡಿದಳು. ಅವಳಿಗೆ ಓದು ಬರುತ್ತಿರಲಿಲ್ಲ. ಸಂದು ಎಲ್ಲಿ ಮುಚ್ಚಿದೆಯೆಂಬುದು ಮಾತ್ರ ಕಂಡಿತು. ಬೇಸಿಗೆಯಿಂದ ಅದನ್ನೇ ನೋಡುತ್ತಿದ್ದಳಲ್ಲ. ಬರೆಯ ವಿಷಯವನ್ನು ನಾನು ಹೇಳಿದೆ. ದೊಡ್ಡವ್ವ ಹಾಳೆಗಳನ್ನು ಕೆಳಗಿಳಿಸಿ, "ನೀಲೀ, ಒಂದ ಕಲ್ಲಿಗೆ ಇಬ್ಬರೂ ಎದರಾಬದರಾ ಕುಂತಿದ್ವಲ್ಲ. ಒಂದ್ ಮಾತ್ ಹೇಳಬಾರದಿತ್ತೇನ?" ಎಂದಳು.

"ನೀವು ನರಳೂದು ಬಿಟ್ರಲ್ಲೇನ್ರಿ ನಾ ಹೇಳೂದು," ಎಂದಳು ಅವ್ವ.

ಮೊದಲು ನಕ್ಕವಳು ದೊಡ್ಡವ್ವನೇ. ನಗುತ್ತಲೇ ಸ್ಟೂಲನ್ನು ಕಾಲಿನಿಂದ ಅವ್ವನ ಕಡೆ ತಳ್ಳಿದಳು. ಮರುದಿನದಿಂದ ಜೋಳ ಗಿರಣಿಗೆ ಹೋಯಿತು. ಸೇರಲಿ ಬಿಡಲಿ, ದೊಡ್ಡಪ್ಪ ಅದೇ ರೊಟ್ಟಿ ತಿಂದ.

ದಸರೆ ಸೂಟಿಗೆ ನಾನು ಬಂದಾಗ ಪಡಸಾಲೆಯಲ್ಲಿ ಎರಡು ಸ್ಟೂಲುಗಳಿದ್ದವು. ಇಬ್ಬರೂ ಪಕ್ಕಪಕ್ಕ ಕುಳಿತು, ಕಾಲು ನೆಟ್ಟಗೆ ಎತ್ತಿ ಹಿಡಿದು, ಯಾರದು ಮೊದಲು ಇಳಿಯುತ್ತದೆ ಎಂದು ಪಂಥ ಕಟ್ಟಿಕೊಂಡಿದ್ದರು. ರಾತ್ರಿ ನಿದ್ದೆ ಹೇಗೆ ಬಂತು, ಗುಳಿಗೆ ಎಷ್ಟು ಹೊತ್ತಿಗೆ ಹಿಡಿಯಿತು, ಮೋಡ ಕವಿದಾಗ ಏನಾಯಿತು, ಒಬ್ಬಳು ಅರ್ಧ ಹೇಳಿದರೆ ಇನ್ನೊಬ್ಬಳು ಪೂರ್ತಿ ಮಾಡುತ್ತಿದ್ದಳು. ಅವ್ವ ಪೂರ್ತಿ ಗುಣವಾಗಿರಲಿಲ್ಲ. ಆದರೆ ಗೋಡೆ ಹಿಡಿಯದೆ ನಡೆಯುತ್ತಿದ್ದಳು. ಪೂಜೆ ಕುಳಿತು ಮಾಡುತ್ತಿದ್ದಳು.

ನಾನು ಬ್ಯಾಗು ಹಿಡಿದು ನಿಂತೇ ಇದ್ದೆ. "ಬಂದ್ಯಾ? ಬುಟ್ಟ್ಯಾಗ ರೊಟ್ಟಿ ಅದಾವು, ಹಚಗೊಂಡು ಉಣ್ಣು. ನಾವು ಈಗ ಕಾವು ಕೊಟಗೊಳ್ಳೂದೈತಿ," ಎಂದಳು ಅವ್ವ. ದೊಡ್ಡವ್ವ ಹೂಂಗುಟ್ಟಿದಳು. ನಾನು ಒಳಗೆ ಹೋಗಿ ಒಬ್ಬಳೇ ಕುಳಿತು ಉಂಡೆ. ಹೊರಗೆ ಇಬ್ಬರ ನಗು ಕೇಳುತ್ತಿತ್ತು. ನನ್ನ ಹೊಟ್ಟೆಯಲ್ಲಿ ಉರಿ ಎದ್ದದ್ದು ಆಗಲೇ. ಇಬ್ಬರೂ ನನಗಾಗಿ ಕಿತ್ತಾಡಿದ ಮನೆಯಲ್ಲಿ ನಾನು ಮೊದಲ ಸಲ ನೆಂಟಳಂತೆ ಕುಳಿತಿದ್ದೆ.

ಇಬ್ಬರೂ ಈಗಿಲ್ಲ. ಅಂದಿನಿಂದ ಯಾರಾದರೂ ನೋವೆಂದರೆ, ನೀವೇ ಹೇಳಿ, ನಿಮ್ಮ ಮಾತಿನಲ್ಲೇ ಹೇಳಿ ಎಂದು ಕೇಳುವುದನ್ನು ಕಲಿತಿದ್ದೇನೆ. ಅವ್ವನಿಗೆ ಸುಖ ಸಿಕ್ಕಿತೆಂಬ ಸಮಾಧಾನವೂ ದೊಡ್ಡದೇ. ಆದರೂ ನಿಜ ಹೇಳಿಬಿಡುತ್ತೇನೆ: ಆ ದಿನ ಪಡಸಾಲೆಯಲ್ಲಿ ಅವರಿಬ್ಬರೂ ನಕ್ಕ ನಗು ನೆನಪಾದಾಗಲೆಲ್ಲ, ಅದರಲ್ಲಿ ನನಗೆ ಪಾಲಿರಲಿಲ್ಲವೆಂದು ಇಂದಿಗೂ ಹೊಟ್ಟೆಕಿಚ್ಚಾಗುತ್ತದೆ.