ಹೊಳಬಸಪ್ಪ ಮಾಮಾ ಇಳಿಯದ ಹೊಲ

ನಮ್ಮ ಕಡೆ ಐವತ್ತು ದಾಟಿದ, ನೀರಾವರಿ ಹೊಲ ಇರುವ ಗಂಡಸಿಗೆ ಹೆಸರಿನ ಜೊತೆ ಏನಾದರೊಂದು ಇರಲೇಬೇಕು. ಡೈರೆಕ್ಟರ್, ಚೇರಮನ್, ಏನೂ ಇಲ್ಲದಿದ್ದರೆ ಮಾಜಿ. ಬೀಳಗಿ ತಾಲೂಕಿನಲ್ಲಿ ಬಾಡಗಂಡಿಯಿಂದ ಸ್ವಲ್ಪ ಆಚೆ ಹೊಲ ಮನೆ ಮಾಡಿಕೊಂಡಿರುವ ಹೊಳಬಸಪ್ಪ ಒಂದು ಸಕ್ಕರೆ ಕಾರ್ಖಾನೆಯ ಡೈರೆಕ್ಟರ್ ಆಗಲು ಎರಡು ಸಲ ಚುನಾವಣೆಗೆ ನಿಂತು ಎರಡು ಸಲವೂ ಸೋತ. ಸೋತವನಿಗೆ ಮಾಜಿ ಅಂತ ಹಾಕಿಕೊಳ್ಳಲೂ ಬರುವುದಿಲ್ಲ. ಅವನು ನನ್ನ ಅಕ್ಕ ಇಂದ್ರವ್ವನ ಗಂಡ, ನನಗೆ ಮಾಮಾ. ನಾನು ಬನಹಟ್ಟಿಯಲ್ಲಿ ಸೀರೆ ಅಂಗಡಿ ಇಟ್ಟುಕೊಂಡವನು. ಅಂಗಡಿ ಬಿಟ್ಟು ಈ ಮನುಷ್ಯನ ಹಿಂದೆ ತಿರುಗಿದ್ದೇ ನನ್ನ ಅರ್ಧ ಆಯುಷ್ಯ.

ಮಾಮಾನಿಗೆ ವಿಮಾನದ ಹುಚ್ಚು ಹತ್ತಿದ್ದು ಮುಧೋಳದ ಒಂದು ಪ್ರಚಾರಸಭೆಯಲ್ಲಿ. ಯಾರೋ ದೊಡ್ಡ ಮುಖಂಡರು ಹೆಲಿಕಾಪ್ಟರಿನಲ್ಲಿ ಬಂದಿದ್ದರು. ಜನವೆಲ್ಲ ಮುಖಂಡರ ಕಾಲಿಗೆ ಬೀಳುತ್ತಿದ್ದರೆ ಮಾಮಾ ಪೈಲಟ್‌ನನ್ನೇ ನೋಡುತ್ತ ನಿಂತಿದ್ದ. ಆ ಮನುಷ್ಯ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಆರಾಮವಾಗಿ ರೊಟ್ಟಿ ತಿಂದ. ಸಭೆ ಮುಗಿದ ಮೇಲೆ ಮುಖಂಡರು ತಾವೇ ಅವನ ಹತ್ತಿರ ಹೋಗಿ, ಹೊರಡೋಣವೇ ಎಂದು ಕೇಳಿದರು. ಗಾಳಿ ಸರಿಯಿಲ್ಲ, ಸ್ವಲ್ಪ ತಡೆಯಿರಿ ಅಂದ. ಮುಖಂಡರು ತಡೆದರು.

"ನೋಡಿದೇನ್ಲೇ ತಮ್ಮಾ, ಯಾರ ಓಟೂ ಬೇಕಾಗಿಲ್ಲ ಅಂವಗ. ದೊಡ್ಡವರ ಅಂವನ್ನ ಕೇಳಿ ಹತ್ತಬೇಕ," ಎಂದು ಮಾಮಾ ಊರಿಗೆ ಬರುವ ದಾರಿಯುದ್ದಕ್ಕೂ ಹೇಳಿದ್ದೇ ಹೇಳಿದ್ದು.

ಕಬ್ಬಿನ ದುಡ್ಡು, ಕೆಲಸವಿಲ್ಲದ ಸಿಟ್ಟು ಎರಡೂ ಇದ್ದವನನ್ನು ತಡೆಯುವವರು ಯಾರು? ಬೆಳಗಾವಿ ಕಡೆಯ ಒಂದು ಫ್ಲೈಯಿಂಗ್ ಸ್ಕೂಲಿಗೆ ಹೆಸರು ಹಚ್ಚಿದ. ಕಲಿಸುವವಳು ಪ್ರತಿಮಾ ಎಂಬ ಹುಡುಗಿ, ಮಾಮಾನ ಮಗಳ ವಯಸ್ಸಿನವಳು. ಅವಳ ಮುಂದೆ ಮಾಮಾ ಕೈಕಟ್ಟಿ ನಿಂತು ಹವಾಮಾನ, ನಕ್ಷೆ, ಎಂಜಿನ್ ಎಲ್ಲ ಕಲಿತ. ಹೋಗಲಿ, ಇಂಗ್ಲಿಷಿನಲ್ಲಿ ಬರೆಯುವ ಪರೀಕ್ಷೆಗಳನ್ನೂ ಪಾಸಾದ. ರೇಡಿಯೋದಲ್ಲಿ ಮಾತ್ರ ಕೊನೆಯವರೆಗೂ "ರೋಜರ್ರಿ" ಎಂದೇ ಹೇಳುತ್ತಿದ್ದನಂತೆ. ಉಳಿದದ್ದು ಆಕಾಶದಲ್ಲಿ ಕೊಡುವ ಕೊನೆಯ ಪರೀಕ್ಷೆ. ಅದಾದರೆ ಪ್ರೈವೇಟ್ ಪೈಲಟ್ ಲೈಸನ್ಸು. ಆ ಲೈಸನ್ಸಿನಲ್ಲಿ ಪಗಾರಕ್ಕೆ ಹಾರಿಸುವಂತಿಲ್ಲ, ತನ್ನ ಖುಷಿಗೆ ಹಾರಿಸಬಹುದು ಎಂದು ಮಾಮಾ ಮನೆಯಲ್ಲಿ ವಿವರಿಸಿದಾಗ ಅಕ್ಕ ಒಂದೇ ಮಾತು ಕೇಳಿದಳು: "ಹಂಗಾರ ಈಗಿನಕಿಂತ ಫರಕ ಏನಾತು?"

ಫರಕು ಇತ್ತು. ಪರೀಕ್ಷೆಗೆ ಮೊದಲೇ ಮಾಮಾ ಬೀಳಗಿ, ಜಮಖಂಡಿ, ರಬಕವಿ ಎಲ್ಲ ಕಡೆ ಸುದ್ದಿ ಹಬ್ಬಿಸಿದ್ದ. ಅವನನ್ನು ಸೋಲಿಸಿದ ಡೈರೆಕ್ಟರನೇ ಒಂದು ಮದುವೆಯಲ್ಲಿ "ಬರ್ರಿ ಪೈಲಟ್ ಸಾಹೇಬ್ರ" ಎಂದು ಪಕ್ಕದಲ್ಲಿ ಕೂರಿಸಿಕೊಂಡಿದ್ದ. ಇನ್ನು ಲೈಸನ್ಸ್ ಬರದಿದ್ದರೆ ಮಾಮಾ ಬೀಳಗಿ ಬಸ್‌ಸ್ಟ್ಯಾಂಡಿನ ಮುಂದೆ ತಲೆ ಎತ್ತಿ ಹೋಗುವ ಹಾಗಿರಲಿಲ್ಲ.

ಇಲ್ಲಿ ಏಳು ವರ್ಷದ ಹಿಂದಿನ ಇನ್ನೊಂದು ಮದುವೆಯ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮಾಮಾನಿಗೆ ಒಬ್ಬ ತಮ್ಮ, ಯಲ್ಲಾಲಿಂಗ. ಅಪ್ಪನ ಹೊಲವನ್ನು ಇಬ್ಬರೂ ಹಂಚಿಕೊಂಡು, ನಡುವೆ ಒಂದು ಬದು ಹಾಕಿಕೊಂಡು, ಒಂದೇ ಬಾವಿಯ ನೀರು ಕುಡಿಯುತ್ತ ಚೆನ್ನಾಗಿಯೇ ಇದ್ದರು. ಯಲ್ಲಾಲಿಂಗನ ಮಗಳು ವೈಶಾಲಿಯ ಮದುವೆ ಬಂತು. ನಮ್ಮಲ್ಲಿ ಮದುವೆಯ ಉಡುಗೊರೆ ಕೊಡುವ ಆಹೇರ ಮಾಡುವಾಗ ಮೈಕಿನಲ್ಲಿ ಹೆಸರು ಕೂಗಿ ಗಂಡಸರ ತಲೆಗೆ ಪಟಗಾ ಸುತ್ತುತ್ತಾರೆ. ಮೊದಲ ಪಟಗಾ ಮನೆಯ ಹಿರಿಯನಿಗೆ. ಯಲ್ಲಾಲಿಂಗ ಅವತ್ತು ಮೊದಲ ಪಟಗಾ ಸುತ್ತಿದ್ದು ಅಣ್ಣನನ್ನು ಆಗಷ್ಟೇ ಚುನಾವಣೆಯಲ್ಲಿ ಸೋಲಿಸಿದ ಅದೇ ಡೈರೆಕ್ಟರನಿಗೆ. ಆಮೇಲೆ ಡೈರೆಕ್ಟರನ ಜೊತೆ ಬಂದವರಿಗೆ. ಆಮೇಲೆ ಅಣ್ಣನಿಗೆ. ಕಬ್ಬು ಕಡಿಯುವವರ ಗ್ಯಾಂಗು ಯಾರ ಹೊಲಕ್ಕೆ ಮೊದಲು ಬರಬೇಕು ಎಂಬುದು ಕಾರ್ಖಾನೆಯವರ ಕೈಯಲ್ಲಿದ್ದಾಗ ಯಲ್ಲಾಲಿಂಗನ ಲೆಕ್ಕ ನನಗಂತೂ ಅರ್ಥವಾಗಿತ್ತು. ಮಾಮಾನಿಗೆ ಅರ್ಥವಾಗಲಿಲ್ಲ. ತಲೆಯ ಮೇಲಿನ ಪಟಗಾ ಬಿಚ್ಚಿ ಕುರ್ಚಿಯ ಮೇಲಿಟ್ಟು, ಬೀಗರೆಲ್ಲರ ಎದುರಿಗೆ ಹೇಳಿದ:

"ಇನ್ನ ನಿನ್ನ ಹೊಲದಾಗ ಕಾಲ ಇಟ್ಟೆ ಅಂದ್ರ ನಾ ನಮ್ಮಪ್ಪಗ ಹುಟ್ಟಿದಂವ ಅಲ್ಲ."

ಇಬ್ಬರಿಗೂ ಅಪ್ಪ ಒಬ್ಬನೇ ಎಂಬುದು ಆ ಹೊತ್ತಿನಲ್ಲಿ ಯಾರಿಗೂ ಹೊಳೆಯಲಿಲ್ಲ. ಅವತ್ತಿನಿಂದ ಮಾಮಾ ಆ ಬಾವಿಗೆ ಹೋಗಲು ತಮ್ಮನ ಹೊಲ ತಪ್ಪಿಸಿ ಕಾಲುವೆ ದಂಡೆ ಹಿಡಿದು ಸುತ್ತು ಹಾಕುತ್ತಿದ್ದ. ಸುತ್ತು ಹಾಕುವುದೂ ಒಂದು ಮರ್ಯಾದೆ ಅಂತ ಅವನ ತಿಳುವಳಿಕೆ.

ಪರೀಕ್ಷೆಯ ದಿನ ಬಂತು. ಪರೀಕ್ಷಕರು ಮೈಸೂರು ಕಡೆಯವರು, ವಾಯುಸೇನೆಯಿಂದ ನಿವೃತ್ತರಾದವರು, ಮಾತು ಕಡಿಮೆ. ಜಮಖಂಡಿ ದಾಟಿ ಚಿಕ್ಕಪಡಸಲಗಿ ಬ್ಯಾರೇಜ್, ಅಲ್ಲಿಂದ ಬೀಳಗಿ, ಮುಧೋಳ ಹಿಡಿದು ವಾಪಸ್ಸು ಎಂದು ದಾರಿ ಹೇಳಿದರು. ಮಾಮಾನಿಗೆ ಹಬ್ಬ. ನಕ್ಷೆಯನ್ನು ತೊಡೆಯ ಮೇಲಿಟ್ಟುಕೊಂಡನೇ ಹೊರತು ನೋಡಲಿಲ್ಲ. ಎಲ್ಲಿದ್ದೀವಿ ಎಂದು ಪರೀಕ್ಷಕರು ಕೇಳಿದರೆ, "ಇದು ನಮ್ಮ ಲಗಮಪ್ಪನ ಬಾಳೀ ತೋಟರಿ, ಅಂವ ನಮಗ ಬೀಗಾಗಬೇಕ್ರಿ," ಎಂದು ಉತ್ತರ. ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡಿದ್ದವು. ಗಾಳಿ ಯಾವ ಕಡೆಯದು ಎಂದರೆ ಚಿಮಣಿಯ ಹೊಗೆ ತೋರಿಸಿದ. ಇಷ್ಟರಲ್ಲಿ ಪರೀಕ್ಷಕರು ಮೆಚ್ಚಿಕೊಂಡಿದ್ದರಂತೆ. ಇದು ಮಾಮಾನೇ ಹೇಳಿದ್ದು, ಅರ್ಧ ನಂಬಬಹುದು.

ಬಾಡಗಂಡಿ ದಾಟುತ್ತಿದ್ದಂತೆ ಪರೀಕ್ಷಕರು ಕೈ ಚಾಚಿ ಎಂಜಿನ್ನಿನ ಜೋರು ಪೂರ್ತಿ ಇಳಿಸಿಬಿಟ್ಟರು.

"ಎಂಜಿನ್ ಹೋಯ್ತು ಅಂದ್ಕೊಳ್ಳಿ. ಎಲ್ಲಿ ಇಳಿಸ್ತೀರಾ?"

ಈ ಪರೀಕ್ಷೆ ಎಲ್ಲರಿಗೂ ಇರುತ್ತದೆ. ಖಾಲಿ, ಸಪಾಟಾದ ಹೊಲವೊಂದನ್ನು ಆರಿಸಬೇಕು, ಗಾಳಿಗೆ ಎದುರಾಗಿ ಅದರ ಕಡೆ ಇಳಿಯುತ್ತ ಬರಬೇಕು. ನೆಲ ಮುಟ್ಟಬೇಕಾಗಿಲ್ಲ. ಇಳಿಯಬಲ್ಲ ಎಂದು ಖಾತ್ರಿಯಾದ ಕೂಡಲೇ ಪರೀಕ್ಷಕರು ಏರಿಸಿ ಅನ್ನುತ್ತಾರೆ, ಮತ್ತೆ ಮೇಲಕ್ಕೆ ಹೋಗುವುದು. ಮಾಮಾ ಕೆಳಗೆ ನೋಡಿದ. ಕಣ್ಣು ಹಾಯುವ ತನಕ ಎದ್ದುನಿಂತ ಕಬ್ಬು. ನಡುವೆ ಒಂದೇ ಒಂದು ಖಾಲಿ ಹೊಲ, ಉದ್ದಕ್ಕೆ, ಸಪಾಟಾಗಿ, ಗಾಳಿಗೆ ನೇರವಾಗಿ. ಊರಿಗೆಲ್ಲ ಮೊದಲು ಕಬ್ಬು ಕಡಿಸಿಕೊಂಡವನು ಇನ್ಯಾರು, ಯಲ್ಲಾಲಿಂಗ.

"ಆ ಗದ್ದೆ ಚೆನ್ನಾಗಿದೆಯಲ್ಲ," ಅಂದರು ಪರೀಕ್ಷಕರು, ಸುಮ್ಮನಿರಲಾರದೆ.

"ಅಲ್ಲಿ ಇಳಸಾಕ ಬರೂದಿಲ್ರಿ."

"ಯಾಕ್ರೀ? ಕರೆಂಟ್ ತಂತಿ ಇದ್ಯಾ? ಬಾವಿ ಇದ್ಯಾ?"

"ಏನೂ ಇಲ್ರಿ. ಬಾಜೂಕ ನನ್ನ ಹೊಲ ಐತ್ರಿ, ಅಲ್ಲಿ ಇಳಸ್ತೀನಿ."

ಬಾಜೂಕಿನ ಹೊಲದಲ್ಲಿ ಎರಡಾಳೆತ್ತರದ ಕಬ್ಬಿತ್ತು. ಮಾಮಾ ತನ್ನ ಕೈಯಾರೆ ಹಚ್ಚಿ ಬೆಳೆಸಿದ ಕಬ್ಬು. ಅದರ ಮೇಲೆ ವಿಮಾನ ಇಳಿಸಿದರೆ ಏನಾಗುತ್ತದೆ ಎಂದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಾರದು. ಆದರೂ ಅದರ ಕಡೆಗೇ ಇಳಿಸುತ್ತ ಬಂದ. ಪರೀಕ್ಷಕರು ಕೊನೆಗೆ ತಾವೇ ಎಂಜಿನ್ ಜೋರು ಮಾಡಿ ವಿಮಾನ ಏರಿಸಿದರು. ಅಲ್ಲಿಂದ ವಾಪಸ್ಸು ತಿರುಗಿಸಿದರು. ಇಳಿದ ಮೇಲೆ ಪ್ರತಿಮಾಳನ್ನು ಕರೆದು, "ನಿಮ್ಮ ಸ್ಟೂಡೆಂಟ್‌ಗೆ ಎಲ್ಲಾ ಬರುತ್ತೆ. ಗದ್ದೆ ಯಾವುದು, ಬೆಳೆ ಯಾವುದು ಅಂತ ಮಾತ್ರ ಗೊತ್ತಾಗಲ್ಲ," ಎಂದು ಹೇಳಿ ಫೇಲು ಮಾಡಿದರು. ಮೂರು ತಲೆಮಾರಿನ ಒಕ್ಕಲುತನ ಕೂತು ಕೇಳಿಸಿಕೊಂಡ ಮಾತು ಅದು.

ಸುದ್ದಿ ಮಾಮಾನಿಗಿಂತ ಮೊದಲೇ ಬೀಳಗಿ ಮುಟ್ಟಿತ್ತು. ಡೈರೆಕ್ಟರ್ ಫೋನು ಮಾಡಿ ಸಮಾಧಾನ ಹೇಳಿದ. ಸೋತದ್ದಕ್ಕಿಂತ ಆ ಸಮಾಧಾನವೇ ಮಾಮಾನನ್ನು ಮಲಗಿಸಿತು. ನನಗೆ ಎಂಥ ಸಿಟ್ಟು ಬಂತೆಂದರೆ ನೇರವಾಗಿ ಹೋಗಿ ಬೈದೆ. "ಬರೇ ಇಳದಂಗ ಮಾಡೂ ಪರೀಕ್ಷಾಕ್ಕ ಯಾರ ಹೊಲ ಆದ್ರೇನ? ನೆಲಾನ ಮುಟ್ಟೂದಿಲ್ಲ ಅಂದ ಮ್ಯಾಲ."

"ಮುಟ್ಟಲಿ ಬಿಡಲಿ, ಇಳೀತೀನಿ ಅಂತ ಹೊಂಟಂಗ ಆತಲ್ಲ," ಅಂದ ಮಾಮಾ.

ಮರುಪರೀಕ್ಷೆಗೂ ಅದೇ ಪರೀಕ್ಷಕರು, ಅದೇ ದಾರಿ ಎಂದು ಪ್ರತಿಮಾ ತಿಳಿಸಿದಳು. ತಪ್ಪಿದ ಜಾಗದಲ್ಲೇ ಮತ್ತೆ ಕೇಳುವುದು ಅವರ ಪದ್ಧತಿಯಂತೆ. ತಮ್ಮನ ಜೊತೆ ಮಾತಾಡದಿದ್ದರೆ ಅನ್ನ ನೀರು ಬಿಡುತ್ತೇನೆ ಎಂದು ಅಕ್ಕ ಕೂತಳು. ಅವಳು ಬಿಡಲಿಲ್ಲ, ಆದರೆ ಮಾಮಾ ಹೆದರಿದ. ಕೊನೆಗೆ ಒಂದು ಮುಂಜಾನೆ ನನ್ನನ್ನು ಜೊತೆ ಮಾಡಿಕೊಂಡು ಬದುವಿನ ತನಕ ಹೋದ. ಬದುವಿನ ಈಚೆ ನಿಂತು ತಮ್ಮನನ್ನು ಕೂಗಿದ. ಏಳು ವರ್ಷದ ಮೇಲೆ ಮೊದಲ ಕೂಗು. ಯಲ್ಲಾಲಿಂಗ ನೀರು ತಿರುವುತ್ತಿದ್ದವನು ಸಲಿಕೆ ಬಿಟ್ಟು ಬಂದ.

ಮಾಮಾ ನೆಲ ನೋಡುತ್ತ ಎಲ್ಲ ಹೇಳಿದ. ಯಲ್ಲಾಲಿಂಗ ಕೇಳಿ ನಕ್ಕ.

"ಅಣ್ಣಾ, ನೀ ಆಣಿ ಮಾಡಿದ್ದು ಕಾಲ ಇಡೂದಿಲ್ಲ ಅಂತಲ್ಲ? ಗಾಲಿ ಇಡು. ಗಾಲಿಗೆ ಯಾವ ಆಣಿ?"

ಎರಡು ಚುನಾವಣೆ, ಒಂದು ಮದುವೆ ಎಲ್ಲ ಆ ಮಾತಿನಲ್ಲಿ ಕರಗಿಹೋಯಿತು. ಮಾಮಾನ ಕಣ್ಣಲ್ಲಿ ನೀರು ಬಂತು. ನನಗೂ ಬಂತು, ಸುಳ್ಳು ಯಾಕೆ ಹೇಳಲಿ.

"ಹಂಗಾರ ನಿನ್ನ ಹೊಲದಾಗ ಇಳೀತೀನಿ," ಅಂದ ಮಾಮಾ.

"ಇಳೀ. ಕುಳಿ ಬಿಟ್ಟೀನಿ, ಚಿಗತೈತಿ. ಅದನ್ನ ತಗಸ್ತೀನಿ. ಕೊರಡ ಹೊಡಿಸಿ ಅಂಗಳದಂಗ ಮಾಡಿ ಇಡ್ತೀನಿ."

ಕಡಿದ ಕಬ್ಬಿನ ಬುಡದಿಂದ ಪುಕ್ಕಟೆ ಬರುವ ಎರಡನೇ ಬೆಳೆಯನ್ನು ನಮ್ಮ ಕಡೆ ಯಾರೂ ಕಿತ್ತು ಹಾಕುವುದಿಲ್ಲ. ಯಲ್ಲಾಲಿಂಗ ಕಿತ್ತು ಹಾಕಿಸಿದ. ವಿಮಾನ ನಿಜವಾಗಿ ಇಳಿಯುವುದಿಲ್ಲ, ಬರೇ ಇಳಿದ ಹಾಗೆ ಮಾಡುತ್ತದೆ ಎಂದು ಅವನಿಗೆ ಹೇಳಬೇಕು ಎಂದು ದಾರಿಯಲ್ಲಿ ನಾನು ಮಾಮಾನಿಗೆ ಅಂದೆ. "ಈಗ ಬ್ಯಾಡ, ಹೇಳಿದ್ರ ಮತ್ತ ಮಾರಿ ಸಣ್ಣದ ಮಾಡ್ತಾನ. ನಾಳಿ ಹೇಳೂಣು," ಅಂದ. ಅಣ್ಣತಮ್ಮಂದಿರ ಮಾತು ಶುರುವಾದ ಸಂಭ್ರಮದಲ್ಲಿ ಆ ನಾಳೆ ಬರಲೇ ಇಲ್ಲ.

ಮರುಪರೀಕ್ಷೆಯ ದಿನವೂ ಪರೀಕ್ಷಕರು ಬಾಡಗಂಡಿ ದಾಟುತ್ತಿದ್ದಂತೆ ಕೈ ಚಾಚಿದರು. ಎಂಜಿನ್ ಸದ್ದು ಇಳಿಯಿತು.

"ಎಲ್ಲಿ?"

"ಅಲ್ಲೇರಿ," ಎಂದು ಮಾಮಾ ತಮ್ಮನ ಹೊಲ ತೋರಿಸಿದ. ಪರೀಕ್ಷಕರು ತಲೆಯಾಡಿಸಿದರು. ಮಾಮಾ ಹೊಗೆ ನೋಡಿದ, ಗಾಳಿಗೆ ತಿರುಗಿಸಿದ, ಕಲಿತದ್ದೆಲ್ಲ ಕ್ರಮವಾಗಿ ಮಾಡುತ್ತ ಇಳಿಯತೊಡಗಿದ. ಹೊಲ ದೊಡ್ಡದಾಗುತ್ತ ಬಂತು. ಹಸೆಯ ಮೇಲೆ ಹಾಸಿದ ಜಮಖಾನೆಯಷ್ಟು ನುಣ್ಣಗಿತ್ತಂತೆ. ಆಮೇಲೆ ಅದರ ಸರಿಯಾಗಿ ನಟ್ಟನಡುವೆ ಒಂದು ಟ್ರ್ಯಾಕ್ಟರ್ ಕಂಡಿತು. ಟ್ರ್ಯಾಕ್ಟರಿನ ಸುತ್ತ ಮಂದಿ. ಆರತಿ ತಟ್ಟೆ ಹಿಡಿದ ಯಲ್ಲಾಲಿಂಗನ ಹೆಂಡತಿ ಸೋಮವ್ವ, ಗಂಡನ ಮನೆಯಿಂದ ಬಂದ ವೈಶಾಲಿ, ಓಣಿಯವರು. ಎಲ್ಲರ ಮುಂದೆ ಯಲ್ಲಾಲಿಂಗ, ಎರಡೂ ಕೈ ಬೀಸುತ್ತ. ಬರುವ ಅಣ್ಣನನ್ನು ಇದಿರುಗೊಳ್ಳಬೇಕಾದರೆ ಅವನು ಬರುವ ಜಾಗದಲ್ಲೇ ನಿಲ್ಲಬೇಕಲ್ಲ.

ಮಾಮಾ ವಿಮಾನವನ್ನು ಎಡಕ್ಕೆ ಹೊರಳಿಸಿದ. ಕಾಲುವೆಯಾಚೆ ಗೋವಿನಜೋಳ ಕಿತ್ತ ಯಾರದೋ ಒಂದು ಹೊಲ ಇತ್ತು, ಗಿಡ್ಡದು, ಆದರೂ ಸಾಕು. ಅದರ ಕಡೆ ಇಳಿಸುತ್ತ ಬಂದ. ಪರೀಕ್ಷಕರು ಏರಿಸಿ ಎಂದರು. ಏರಿಸಿದ.

"ಮೊದಲಿನ ಗದ್ದೆ ಯಾಕೆ ಬಿಟ್ರಿ?"

"ಮಂದಿ ಅದಾರ್ರಿ."

"ಗುಡ್. ಕೊನೇ ಹೊತ್ನಲ್ಲಿ ಆರಿಸಿದ್ದನ್ನ ಬಿಡೋದು ಬಹಳ ಜನಕ್ಕೆ ಬರಲ್ಲ," ಅಂದರು. ಇಳಿದ ಮೇಲೆ ಕೈ ಕುಲುಕಿ ಪಾಸು ಮಾಡಿದರು.

ಹೀಗೆ ನಮ್ಮ ಮಾಮಾ ಪೈಲಟ್ ಆದ. ಸಿಟ್ಟಿನಿಂದ ತಮ್ಮನ ಹೊಲ ಬಿಟ್ಟಾಗ ಫೇಲಾದ, ಕರುಳಿನಿಂದ ಬಿಟ್ಟಾಗ ಪಾಸಾದ. ಡೈರೆಕ್ಟರ್ ಹಾರ ಹಿಡಿದು ಮನೆಗೆ ಬಂದ. ಬಾರದೆ ಉಳಿದವನು ಒಬ್ಬನೇ, ಅದೂ ಬದುವಿನಾಚೆಯವನು. ಮಾಮಾ ಫೋನು ಮಾಡಿದರೆ ಎತ್ತಲಿಲ್ಲ. ಮತ್ತೆ ನಾನೇ ಹೋಗಬೇಕಾಯಿತು.

ಯಲ್ಲಾಲಿಂಗ ಆ ಖಾಲಿ ಹೊಲದ ಅಂಚಿನಲ್ಲಿ ಕೂತಿದ್ದ. ನಾನು ಎಲ್ಲ ಬಿಡಿಸಿ ಹೇಳಿದೆ. ಪರೀಕ್ಷೆಯಲ್ಲಿ ಯಾರೂ ನೆಲಕ್ಕೆ ಇಳಿಯುವುದಿಲ್ಲ. ನೀವು ನಡುವೆ ನಿಂತಿದ್ದಿರಿ. ಇಳಿಸಿದ್ದರೆ ನಿಮ್ಮ ಮೇಲೇ ಬರುತ್ತಿತ್ತು.

"ಅಂವಗ ನಾವು ಕಂಡಿದ್ದಿವೇನ?" ಅಂದ.

"ಕಂಡಿದ್ರಿ. ಕಂಡಿದ್ದಕ್ಕ ಹೊರಳಿಸಿದ."

"ಕೈ ಮಾಡಿ ಕರದಿದ್ದೂ ಕಂಡಿತ್ತೇನ?"

"ಕಂಡಿತ್ತು."

ಯಲ್ಲಾಲಿಂಗ ಒಂದು ಮಣ್ಣಿನ ಹೆಂಟೆ ಎತ್ತಿ ಪುಡಿ ಮಾಡಿದ. "ನೀ ಹೇಳೂದು ಖರೆ ಇರಬೇಕು. ಆದ್ರ ಊರ ಮಂದಿ ಮುಂದ ಅಂವ ಹೊರಳಿ ಹೋದದ್ದೂ ಖರೆ. ಹೋಗಲಿ. ಪರೀಕ್ಷಾ ಮುಗೀತಲ್ಲ, ಈಗ ಕಾಲಿಲೆ ನಡಕೊಂತ ಬರಾಕ ಹೇಳು. ನಾ ಇಲ್ಲೇ ಕುಂತಿರತೀನಿ."

ಬಂದು ಮಾಮಾನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಪಡಸಾಲೆಯಿಂದ ನೋಡಿದರೆ ಆ ಹೊಲ ಕಾಣುತ್ತದೆ, ಅಂಚಿನಲ್ಲಿ ಕೂತವನೂ ಕಾಣುತ್ತಾನೆ. ಮಾಮಾ ಎದ್ದು ಚಪ್ಪಲಿ ಮೆಟ್ಟಿದ. ಅಕ್ಕ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಮಾಮಾ ಅಂಗಳದ ತನಕ ಹೋದ, ನಿಂತ, ತಮ್ಮನ ಕಡೆ ನೋಡಿದ, ತನ್ನ ಕಾಲು ನೋಡಿಕೊಂಡ. ಆಮೇಲೆ ನನ್ನ ಕಡೆ ತಿರುಗಿದ.

"ತಮ್ಮಾ, ಅಷ್ಟ ಹೊಲದಾಗ ವಿಮಾನ ಖರೇನ ಇಳಸಾಕ ಬರತೈತೇನ ಅಂತ ಪ್ರತಿಮಾ ಮೇಡಮ್ಮಾರಿಗೆ ಒಂದ ಫೋನ್ ಹಚ್ಚು."